ಸದನದ ಗದ್ದಲದಲ್ಲಿ ಕಳೆದುಹೋಗುವ ಪ್ರಶ್ನೆಗಳು

2023ರ ಜುಲೈ ತಿಂಗಳ ದಿನಗಳನ್ನು ಕರ್ನಾಟಕದ ಜೈನ ಕುಟುಂಬಗಳು ಇನ್ನೂ ಮರೆತಿಲ್ಲ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯಲ್ಲಿರುವ ನಂದಿಪರ್ವತ ಆಶ್ರಮದ ಆಚಾರ್ಯ ಶ್ರೀ 108 ಕಾಮಕುಮಾರನಂದಿ ಮಹಾರಾಜರು ಕಾಣೆಯಾಗಿದ್ದಾರೆ ಎಂಬ ಸುದ್ದಿ ಮೊದಲು ಬಂತು. ಅದರ ಬೆನ್ನಿಗೇ ಅವರ ಹತ್ಯೆಯಾಗಿದೆ ಎಂಬ ಸುದ್ದಿ ಬಂತು. ರಾಯಬಾಗ ತಾಲೂಕಿನ ಒಂದು ಪಾಳು ಕೊಳವೆಬಾವಿಯಲ್ಲಿ ಅವರ ದೇಹದ ಭಾಗಗಳು ಸಿಕ್ಕವು. ಇಬ್ಬರನ್ನು ಬಂಧಿಸಿದ ಪೊಲೀಸರು, ಹಣದ ವ್ಯವಹಾರವೇ ಈ ಕೃತ್ಯಕ್ಕೆ ಕಾರಣವೆಂದು ಹೇಳಿದರು.

ಸಮಾಜದವರು ಊರೂರಿನಲ್ಲಿ ಬೀದಿಗಿಳಿದರು. ಹಲವು ಕಡೆ ನಡೆದದ್ದು ಮೌನ ಮೆರವಣಿಗೆ. ಘೋಷಣೆ ಇಲ್ಲ, ಕಲ್ಲು ಇಲ್ಲ, ಅಂಗಡಿ ಮುಚ್ಚಿಸುವ ಬಲವಂತ ಇಲ್ಲ. ಹುಬ್ಬಳ್ಳಿ ಸಮೀಪದ ವರೂರಿನಲ್ಲಿ ಆಚಾರ್ಯ ಗುಣಧರನಂದಿ ಮಹಾರಾಜರು ಉಪವಾಸ ಕೈಗೊಂಡರು. ಗೃಹ ಸಚಿವ ಜಿ. ಪರಮೇಶ್ವರ ಅವರು ಖುದ್ದಾಗಿ ಬಂದು ಭರವಸೆ ನೀಡಿದ ಮೇಲೆ ಉಪವಾಸ ಮುಗಿಸಿದರು. ಸಮಾಜದ ಬೇಡಿಕೆ ಸರಳವಾಗಿತ್ತು. ತಪ್ಪಿತಸ್ಥರಿಗೆ ಶಿಕ್ಷೆಯಾಗಬೇಕು. ವಿಹಾರದಲ್ಲಿರುವ ಮುನಿಗಳಿಗೆ ರಕ್ಷಣೆ ಬೇಕು. ಕಾಲ್ನಡಿಗೆಯಲ್ಲಿ ಸಾಗುವ ತ್ಯಾಗಿಗಳು ರಾತ್ರಿ ತಂಗಲು ಸುರಕ್ಷಿತ ಜಾಗ ಬೇಕು.

ಆಗ ಬೆಂಗಳೂರಿನಲ್ಲಿ ವಿಧಾನಮಂಡಲದ ಅಧಿವೇಶನ ನಡೆಯುತ್ತಿತ್ತು. ವಿಷಯ ಸದನಕ್ಕೆ ಬಂತು, ಬರಲೇಬೇಕಿತ್ತು. ತನಿಖೆಯನ್ನು ಸಿಬಿಐಗೆ ಕೊಡಿ ಎಂದು ವಿರೋಧ ಪಕ್ಷ ಪಟ್ಟು ಹಿಡಿಯಿತು. ರಾಜ್ಯದ ಪೊಲೀಸರು ಸಮರ್ಥರಿದ್ದಾರೆ ಎಂದು ಸರ್ಕಾರ ಉತ್ತರಿಸಿತು. ಕೊನೆಗೆ ತನಿಖೆ ಸಿಐಡಿಗೆ ಹೋಯಿತು. ಇಷ್ಟರಲ್ಲಿ ಆಕ್ಷೇಪಿಸುವಂಥದ್ದು ಏನೂ ಇಲ್ಲ. ಯಾವ ಸಂಸ್ಥೆ ತನಿಖೆ ಮಾಡಬೇಕು ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಟಿ.ವಿ. ಮತ್ತು ಮೊಬೈಲ್ ಮೂಲಕ ಮನೆ ಮನೆಗೆ ತಲುಪಿದ್ದು ಆ ಪ್ರಶ್ನೆಯಲ್ಲ. ಆರೋಪಿಗಳ ಹೆಸರೇನು, ಜಾತಿ ಧರ್ಮ ಯಾವುದು, ಯಾರ ಆಡಳಿತದಲ್ಲಿ ಎಷ್ಟು ಕೊಲೆಗಳಾದವು, ಯಾರು ಯಾರನ್ನು ಓಲೈಸುತ್ತಾರೆ ಎಂಬ ಕೂಗಾಟವೇ ತಲುಪಿತು. ಮುನಿಗಳು ತಂಗುವ ಜಾಗದ ಮಾತು, ವಿಹಾರದ ಹಾದಿಯ ರಕ್ಷಣೆಯ ಮಾತು ಆ ಗದ್ದಲದ ಅಡಿಯಲ್ಲಿ ಸೇರಿಹೋಯಿತು.

ರಾಜಕೀಯ ಚರ್ಚೆಯಲ್ಲಿ ಸಭ್ಯತೆ ಬೇಕು ಎಂದಾಗ ಅದು ಶಿಷ್ಟಾಚಾರದ ಮಾತು, ನಮಸ್ಕಾರ ಚಮತ್ಕಾರದ ಮಾತು ಎಂದು ಅನೇಕರು ತಿಳಿಯುತ್ತಾರೆ. ಹಿರೇಕೋಡಿಯ ಅನುಭವ ಬೇರೆಯೇ ಹೇಳುತ್ತದೆ. ಸಭ್ಯತೆ ಇಲ್ಲದ ಕಡೆ ಮೊದಲು ನಷ್ಟವಾಗುವುದು ಮಾತಿನ ಅಂದವಲ್ಲ, ನೊಂದವರ ಪ್ರಶ್ನೆ.

ಮೂರು ಘಟನೆಗಳು, ಒಂದೇ ಪಾಠ

ಅದೇ ಅಧಿವೇಶನದಲ್ಲಿ, 2023ರ ಜುಲೈ 19ರಂದು, ವಿಧಾನಸಭೆಯಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಬೆಂಗಳೂರಿಗೆ ಬಂದಿದ್ದ ಬೇರೆ ರಾಜ್ಯಗಳ ರಾಜಕೀಯ ನಾಯಕರ ಸ್ವಾಗತಕ್ಕೆ ಐಎಎಸ್ ಅಧಿಕಾರಿಗಳನ್ನು ನೇಮಿಸಿದ್ದು ಸರಿಯೇ ಎಂದು ವಿರೋಧ ಪಕ್ಷದ ಬಿಜೆಪಿ ಸದಸ್ಯರು ಪ್ರತಿಭಟಿಸುತ್ತಿದ್ದರು. ಊಟದ ವಿರಾಮ ಕೊಡದೆ ಕಲಾಪ ಮುಂದುವರಿಸಿದಾಗ ಕೆಲವರು ಕಾಗದಗಳನ್ನು ಹರಿದು ಪೀಠದಲ್ಲಿದ್ದ ಉಪಸಭಾಧ್ಯಕ್ಷ ರುದ್ರಪ್ಪ ಲಮಾಣಿ ಅವರತ್ತ ಎಸೆದರು. ಹತ್ತು ಶಾಸಕರನ್ನು ಅಮಾನತು ಮಾಡಲಾಯಿತು. ಅಧಿಕಾರಿಗಳ ಬಳಕೆಯ ಬಗ್ಗೆ ಎತ್ತಿದ ಪ್ರಶ್ನೆ ಯೋಗ್ಯವಾಗಿತ್ತು. ಮರುದಿನದ ಪತ್ರಿಕೆಗಳಲ್ಲಿ ಮಾತ್ರ ಚರ್ಚೆಯಾದದ್ದು ಹರಿದ ಕಾಗದ ಮತ್ತು ಅಮಾನತು. ಪ್ರಶ್ನೆ ಎತ್ತಿದವರೇ ತಮ್ಮ ಪ್ರಶ್ನೆಯನ್ನು ಮುಚ್ಚಿಹಾಕಿದಂತಾಯಿತು.

2025ರ ಮಾರ್ಚ್ 21ರಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗುತ್ತಿಗೆಗಳಲ್ಲಿ ಮುಸ್ಲಿಮರಿಗೆ ಶೇ. 4ರ ಮೀಸಲಾತಿ ನೀಡುವ ವಿಧೇಯಕ ಮತ್ತು ಹನಿಟ್ರ್ಯಾಪ್ ಆರೋಪ, ಈ ಎರಡು ವಿಷಯಗಳ ಮೇಲೆ ಗದ್ದಲ ಎದ್ದಿತು. ಸಭಾಧ್ಯಕ್ಷರ ಪೀಠದವರೆಗೂ ಹೋಗಿ ಕಾಗದ ಎಸೆದದ್ದಕ್ಕೆ ಸಭಾಧ್ಯಕ್ಷ ಯು.ಟಿ. ಖಾದರ್ ಅವರು 18 ಶಾಸಕರನ್ನು ಆರು ತಿಂಗಳ ಕಾಲ ಅಮಾನತು ಮಾಡಿದರು. ಮಾರ್ಷಲ್‌ಗಳು ಕೆಲವರನ್ನು ಎತ್ತಿಕೊಂಡು ಹೊರಗೆ ತಂದ ದೃಶ್ಯವನ್ನು ರಾಜ್ಯವೇ ನೋಡಿತು. ಮೇ ತಿಂಗಳಲ್ಲಿ ಮಾತುಕತೆ ನಡೆದು ಅಮಾನತು ಹಿಂದಕ್ಕೆ ಪಡೆಯಲಾಯಿತು.

ಆ ದಿನದ ಇನ್ನೊಂದು ಸಂಗತಿಗೆ ಅಷ್ಟು ಪ್ರಚಾರ ಸಿಗಲಿಲ್ಲ. ಅದೇ ಗದ್ದಲದ ನಡುವೆ ಮುಖ್ಯಮಂತ್ರಿ, ಸಚಿವರು ಮತ್ತು ಶಾಸಕರ ವೇತನವನ್ನು ಹೆಚ್ಚಿಸುವ ವಿಧೇಯಕಗಳೂ ಅಂಗೀಕಾರವಾದವು. ಮುಖ್ಯಮಂತ್ರಿಗಳ ಮಾಸಿಕ ವೇತನ 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ, ಶಾಸಕರದು 40 ಸಾವಿರದಿಂದ 80 ಸಾವಿರಕ್ಕೆ ಏರಿತು. ವೇತನ ಹೆಚ್ಚಿಸಬಾರದು ಎಂದೇನಿಲ್ಲ, ಅದಕ್ಕೂ ಕಾರಣಗಳಿರಬಹುದು. ಆದರೆ ಆ ಕಾರಣಗಳನ್ನು ಜನರ ಮುಂದಿಟ್ಟು ಚರ್ಚಿಸುವ ಅವಕಾಶ ಗದ್ದಲದಲ್ಲಿ ಹೋಯಿತು. ಒಂದು ಅಂಗಡಿಯಲ್ಲಿ ಇಬ್ಬರು ಪಾಲುದಾರರು ಜಗಳವಾಡುತ್ತಿರುವಾಗ ಗಲ್ಲಾಪೆಟ್ಟಿಗೆಯ ಲೆಕ್ಕ ಕೇಳುವವರು ಯಾರೂ ಇರುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ನೋವಿನದು. 2020ರ ಡಿಸೆಂಬರ್ 15ರಂದು ವಿಧಾನ ಪರಿಷತ್ತಿನಲ್ಲಿ ಸಭಾಪತಿ ಬರುವ ಮೊದಲೇ ಉಪಸಭಾಪತಿ ಎಸ್.ಎಲ್. ಧರ್ಮೇಗೌಡ ಅವರನ್ನು ಬಿಜೆಪಿ ಮತ್ತು ಜೆಡಿಎಸ್ ಸದಸ್ಯರು ಪೀಠದಲ್ಲಿ ಕೂರಿಸಿದರು. ಕಾಂಗ್ರೆಸ್ ಸದಸ್ಯರು ಅವರನ್ನು ಪೀಠದಿಂದ ಎಳೆದು ಇಳಿಸಿದರು. ಹಿರಿಯರ ಸದನ, ಚಿಂತಕರ ಚಾವಡಿ ಎಂದು ಕರೆಸಿಕೊಳ್ಳುವ ಮನೆಯಲ್ಲಿ ಕೈ ಕೈ ಮಿಲಾಯಿಸಿತು. ಎರಡು ವಾರ ಕಳೆಯುವಷ್ಟರಲ್ಲಿ ಧರ್ಮೇಗೌಡರು ಕಡೂರು ಬಳಿ ರೈಲು ಹಳಿಯ ಮೇಲೆ ಪ್ರಾಣ ಬಿಟ್ಟರು. ಒಂದು ಸಾವಿಗೆ ಒಂದೇ ಕಾರಣ ಹುಡುಕುವುದು ತಪ್ಪು. ಆದರೂ ಸೌಮ್ಯ ಸ್ವಭಾವದ ಒಬ್ಬ ಹಿರಿಯರನ್ನು ಎಲ್ಲ ಪಕ್ಷಗಳೂ ಸೇರಿ ಅಂಥ ಸ್ಥಿತಿಗೆ ತಂದು ನಿಲ್ಲಿಸಿದವು ಎಂಬ ಮಾತನ್ನು ಯಾವ ಪಕ್ಷವೂ ಅಲ್ಲಗಳೆಯಲಾರದು.

ಮೂರು ಘಟನೆಗಳಲ್ಲಿ ಪಕ್ಷಗಳ ಪಾತ್ರ ಅದಲು ಬದಲಾಗಿದೆ. ಒಮ್ಮೆ ಎಳೆದವರು ಇನ್ನೊಮ್ಮೆ ನೀತಿ ಹೇಳಿದ್ದಾರೆ. ಒಮ್ಮೆ ನೀತಿ ಹೇಳಿದವರು ಇನ್ನೊಮ್ಮೆ ಕಾಗದ ಎಸೆದಿದ್ದಾರೆ. ಹೀಗಾಗಿ ಇದು ಒಂದು ಪಕ್ಷದ ರೋಗವಲ್ಲ. ದೆಹಲಿಯ ಸ್ಥಿತಿಯೂ ಬೇರೆಯಲ್ಲ. 1997ರಲ್ಲಿ ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ವಿಶೇಷ ಅಧಿವೇಶನದಲ್ಲಿ ಸಂಸತ್ತಿನ ಎಲ್ಲ ಪಕ್ಷಗಳೂ ಸೇರಿ, ಪ್ರಶ್ನೋತ್ತರ ಅವಧಿಯನ್ನು ಕೆಡಿಸುವುದಿಲ್ಲ, ಸದನದ ಬಾವಿಗೆ ಇಳಿಯುವುದಿಲ್ಲ ಎಂದು ಒಮ್ಮತದಿಂದ ನಿರ್ಣಯ ಮಾಡಿದ್ದವು. 2023ರ ಚಳಿಗಾಲದ ಅಧಿವೇಶನ ಒಂದರಲ್ಲೇ ಎರಡೂ ಸದನಗಳಿಂದ 146 ಸಂಸದರು ಅಮಾನತುಗೊಂಡರು. ನಿರ್ಣಯ ಕಾಗದದಲ್ಲಿ ಉಳಿಯಿತು.

ಹೀಗೇಕಾಯಿತು?

ಮೊದಲ ಕಾರಣ ಸಮಯದ ಕೊರತೆ. ವರ್ಷಕ್ಕೆ ಕನಿಷ್ಠ 60 ದಿನ ವಿಧಾನಮಂಡಲ ಸೇರಬೇಕು ಎಂದು ಕರ್ನಾಟಕ 2005ರಲ್ಲೇ ಕಾಯ್ದೆ ಮಾಡಿಕೊಂಡಿದೆ. ಆ ಸಂಖ್ಯೆ ಮುಟ್ಟುವುದು ಅಪರೂಪ. ಮಾತಾಡಲು ಸಿಗುವ ದಿನಗಳೇ ಕಡಿಮೆಯಾದಾಗ ಸರದಿ ಸಿಗದ ಸದಸ್ಯರು ಧ್ವನಿ ಏರಿಸುತ್ತಾರೆ. ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾದದ್ದು ಉತ್ತರ ಕರ್ನಾಟಕದ ಸಮಸ್ಯೆಗಳು ಅಲ್ಲಿಯೇ ಚರ್ಚೆಯಾಗಲಿ ಎಂದು. ಅಲ್ಲಿ ಸೇರುವ ಚಳಿಗಾಲದ ಅಧಿವೇಶನ ಕೆಲವೇ ದಿನಗಳದು. ಅದರಲ್ಲಿ ಎರಡು ದಿನ ಗದ್ದಲಕ್ಕೆ ಹೋದರೆ ನೀರಾವರಿ, ಕಬ್ಬಿನ ಬೆಲೆ, ರಸ್ತೆ, ಶಾಲೆ ಎಲ್ಲವೂ ಮುಂದಿನ ವರ್ಷಕ್ಕೆ.

ಎರಡನೆಯದು ಮೊಬೈಲ್. ಮೊದಲು ಸದನದ ಮಾತು ಮರುದಿನ ಪತ್ರಿಕೆಯಲ್ಲಿ ಬರುತ್ತಿತ್ತು, ವರದಿಗಾರ ಸಾರ ಬರೆಯುತ್ತಿದ್ದ. ಈಗ ಅರ್ಧ ನಿಮಿಷದ ತುಣುಕು ಸಾಕು. ಬಜೆಟ್ಟಿನ ಅಂಕಿಸಂಖ್ಯೆ ಓದಿಕೊಂಡು ಬಂದು ಇಪ್ಪತ್ತು ನಿಮಿಷ ಮಾತಾಡಿದ ಶಾಸಕರ ತುಣುಕನ್ನು ಯಾರೂ ಕಳಿಸುವುದಿಲ್ಲ. ಮೇಜು ಗುದ್ದಿ ಬೈದವರದು ಸಂಜೆಯೊಳಗೆ ಕ್ಷೇತ್ರದ ತುಂಬ ಓಡಾಡುತ್ತದೆ. ಅಸಭ್ಯ ಪದವನ್ನು ಸಭಾಧ್ಯಕ್ಷರು ಕಡತದಿಂದ ತೆಗೆಸಬಹುದು, ಜನರ ಮೊಬೈಲಿನಿಂದ ತೆಗೆಸಲಾಗದು. ಗಿರಾಕಿ ಏನನ್ನು ಕೇಳುತ್ತಾನೋ ಅಂಗಡಿಗೆ ಅದೇ ಸರಕು ಬರುತ್ತದೆ. ಈ ಸರಕಿನ ಗಿರಾಕಿ ಮತದಾರನೇ ಎಂಬುದನ್ನು ಒಪ್ಪಿಕೊಳ್ಳದೆ ಶಾಸಕರನ್ನಷ್ಟೇ ದೂರಿದರೆ ಲೆಕ್ಕ ಸರಿಹೋಗುವುದಿಲ್ಲ.

ಮೂರನೆಯದು, ಮಾತಿನಿಂದ ಏನೂ ಬದಲಾಗುವುದಿಲ್ಲ ಎಂಬ ಭಾವನೆ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್ ಮೀರಿ ಮತ ಹಾಕಿದವರು ಸದಸ್ಯತ್ವ ಕಳೆದುಕೊಳ್ಳುತ್ತಾರೆ. ಆಯಾರಾಂ ಗಯಾರಾಂ ರಾಜಕೀಯಕ್ಕೆ ಕಡಿವಾಣ ಬೇಕಿತ್ತು, ನಿಜ. ಆದರೆ ಅದರ ಇನ್ನೊಂದು ಮಗ್ಗುಲೆಂದರೆ, ಎದುರಿನವರ ವಾದ ಎಷ್ಟೇ ಚೆನ್ನಾಗಿದ್ದರೂ ಮತ ಬದಲಾಗದು ಎಂದು ಎಲ್ಲರಿಗೂ ಮೊದಲೇ ಗೊತ್ತು. ಒಪ್ಪಿಸಬೇಕಾದವರು ಎದುರಿಗಿಲ್ಲ ಎಂದಾದಾಗ ಮಾತು ಹೊರಗಿನ ಜನರ ಚಪ್ಪಾಳೆಯನ್ನು ಹುಡುಕಿಕೊಂಡು ಹೋಗುತ್ತದೆ.

ಕಟುವಾದ ಭಿನ್ನಮತವೂ ಸಭ್ಯವಾಗಿ ಮುಗಿದಿತ್ತು

ಹಿಂದೆ ಎಲ್ಲವೂ ಚೆನ್ನಾಗಿತ್ತು ಎಂದು ಹೇಳುವುದು ಸುಲಭ, ಅದು ಪೂರ್ತಿ ನಿಜವಲ್ಲ. ಆದರೆ ಬಹಳ ದೊಡ್ಡ ವಿಷಯಗಳಲ್ಲಿ ಬಹಳ ತೀವ್ರವಾಗಿ ಭಿನ್ನಾಭಿಪ್ರಾಯ ಹೊಂದಿದವರು ಒಂದೇ ಸೂರಿನಡಿ ಕೆಲಸ ಮುಗಿಸಿದ ಉದಾಹರಣೆಗಳಿವೆ.

ಸಂವಿಧಾನ ರಚನಾ ಸಭೆ 1946ರ ಡಿಸೆಂಬರ್ 9ರಂದು ಮೊದಲು ಸೇರಿತು, 1949ರ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸಿತು. ಕರಡಿಗೆ 7,635 ತಿದ್ದುಪಡಿಗಳು ಬಂದವು. ಅವುಗಳಲ್ಲಿ 2,473 ತಿದ್ದುಪಡಿಗಳು ಸಭೆಯ ಮುಂದೆ ಮಂಡನೆಯಾದವು. ದೇಶ ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ. ಭಾಷೆ, ಮೀಸಲಾತಿ, ಆಸ್ತಿ, ಧರ್ಮ, ಎಲ್ಲವೂ ಬೆಂಕಿಯಂಥ ವಿಷಯಗಳು.

1949ರ ಅಕ್ಟೋಬರ್ 17ರಂದು ಪ್ರಸ್ತಾವನೆಯ ಚರ್ಚೆ ನಡೆಯಿತು. ಮಂಗಳೂರಿನಲ್ಲಿ ಹುಟ್ಟಿದ, ಮಧ್ಯಪ್ರಾಂತವನ್ನು ಪ್ರತಿನಿಧಿಸುತ್ತಿದ್ದ ಎಚ್.ವಿ. ಕಾಮತ್ ಅವರು ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಬೇಕೆಂದು ತಿದ್ದುಪಡಿ ತಂದರು. ಪಂಡಿತ ಹೃದಯನಾಥ ಕುಂಜ್ರು ವಿರೋಧಿಸಿದರು. ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಡುವ ಸಂವಿಧಾನ ಒಂದು ನಂಬಿಕೆಯನ್ನು ಎಲ್ಲರ ಮೇಲೆ ಹೇರಬಾರದು ಎಂಬುದು ಅವರ ವಾದ. ದೇವರನ್ನು ಮತಕ್ಕೆ ಹಾಕುವ ಮುಜುಗರ ಬೇಡ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತ್ ಒಪ್ಪಲಿಲ್ಲ, ಮತದಾನವೇ ಆಗಲಿ ಎಂದರು. ಪರವಾಗಿ 41, ವಿರುದ್ಧವಾಗಿ 68. ತಿದ್ದುಪಡಿ ಬಿದ್ದುಹೋಯಿತು. ಕಾಮತ್ ತಮ್ಮ ಬೇಸರವನ್ನು ಕಟುವಾದ ಮಾತಿನಲ್ಲೇ ಹೇಳಿದರು, ಆದರೆ ಫಲಿತಾಂಶವನ್ನು ಒಪ್ಪಿ ಮುಂದಿನ ವಿಷಯಕ್ಕೆ ಹೋದರು. ದೇವರ ಹೆಸರಿನಂಥ ಸೂಕ್ಷ್ಮ ವಿಷಯವನ್ನು ಇಂದಿನ ಸದನಕ್ಕೆ ಕೊಟ್ಟರೆ ಎಷ್ಟು ದಿನದ ಕಲಾಪ ಉಳಿದೀತು ಎಂದು ಯಾರಾದರೂ ಊಹಿಸಬಹುದು.

ಇದೇ ಕಾಮತ್ ಅವರು ಕರಡು ಸಮಿತಿಯ ಅಧ್ಯಕ್ಷ ಡಾ. ಅಂಬೇಡ್ಕರ್ ಅವರನ್ನು ಹೆಜ್ಜೆ ಹೆಜ್ಜೆಗೂ ಪ್ರಶ್ನಿಸಿದವರು. 1949ರ ನವೆಂಬರ್ 25ರ ಕೊನೆಯ ಭಾಷಣದಲ್ಲಿ ಅಂಬೇಡ್ಕರ್ ಅವರು ತಮ್ಮನ್ನು ಬಿಡದೆ ಕಾಡಿದ ಸದಸ್ಯರ ಹೆಸರುಗಳನ್ನು ಒಬ್ಬೊಬ್ಬರಾಗಿ ಎತ್ತಿ ಹೇಳಿ ಕೃತಜ್ಞತೆ ಸಲ್ಲಿಸಿದರು. ಆ ಪಟ್ಟಿಯಲ್ಲಿ ಕಾಮತರ ಹೆಸರೂ ಇತ್ತು. ಅವರು ಎತ್ತಿದ ಪ್ರಶ್ನೆಗಳಿಂದಲೇ ಸಂವಿಧಾನದ ತತ್ತ್ವಗಳನ್ನು ವಿವರಿಸುವ ಅವಕಾಶ ದೊರೆಯಿತು ಎಂಬುದು ಅವರ ಭಾವವಾಗಿತ್ತು. ವಿರೋಧಿಸಿದವರಿಗೆ ಧನ್ಯವಾದ ಹೇಳುವುದು ದೊಡ್ಡತನದ ತೋರಿಕೆಯಲ್ಲ. ಪ್ರಶ್ನೆ ಕೇಳಿದವರಿಂದ ಕೆಲಸ ಸುಧಾರಿಸಿತು ಎಂಬ ಪ್ರಾಮಾಣಿಕ ಲೆಕ್ಕ ಅದು.

ಆ ಸಂವಿಧಾನದ ಕೈಬರಹದ ಮೂಲ ಪ್ರತಿಯನ್ನು ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಕಲಾವಿದರು ಚಿತ್ರಗಳಿಂದ ಅಲಂಕರಿಸಿದ್ದಾರೆ. ಪ್ರತಿ ಭಾಗದ ಆರಂಭದಲ್ಲಿ ಒಂದೊಂದು ಚಿತ್ರವಿದೆ. ಆರನೆಯ ಭಾಗದ ಆರಂಭದಲ್ಲಿರುವುದು ಧ್ಯಾನಸ್ಥ ಭಗವಾನ್ ಮಹಾವೀರರ ಚಿತ್ರ. ಆರನೆಯ ಭಾಗ ಹೇಳುವುದು ರಾಜ್ಯಗಳ ಬಗ್ಗೆ. ವಿಧಾನಸಭೆ, ವಿಧಾನ ಪರಿಷತ್ತು ಹೇಗೆ ನಡೆಯಬೇಕು ಎಂಬ ವಿಧಿಗಳೆಲ್ಲ ಅದರಲ್ಲಿಯೇ ಇವೆ. ಶಾಸಕರು ಸದನದಲ್ಲಿ ಆಡಿದ ಮಾತಿಗಾಗಿ ಯಾವ ನ್ಯಾಯಾಲಯದಲ್ಲೂ ಕ್ರಮ ಎದುರಿಸಬೇಕಿಲ್ಲ ಎಂದು ರಕ್ಷಣೆ ಕೊಡುವ 194ನೇ ವಿಧಿಯೂ ಅಲ್ಲಿಯೇ ಇದೆ. ಅಷ್ಟು ದೊಡ್ಡ ಸ್ವಾತಂತ್ರ್ಯವನ್ನು ಕೊಟ್ಟದ್ದು ಜನರ ದೂರನ್ನು ಅಂಜದೆ ಹೇಳಲಿ ಎಂದು. ಹೊರಗಿನ ಕಾವಲು ಇಲ್ಲದ ಕಡೆ ನಾಲಿಗೆಗೆ ಒಳಗಿನ ಕಾವಲು ಬೇಕಾಗುತ್ತದೆ.

ವ್ಯಾಪಾರಿಗಳು ಬಲ್ಲ ಉದಾಹರಣೆ

ಇಂದಿನ ಕಾಲದಲ್ಲಿ ಇದು ಸಾಧ್ಯವೇ ಎಂದು ಕೇಳುವವರಿಗೆ ಜಿಎಸ್‌ಟಿ ಮಂಡಳಿಯನ್ನು ತೋರಿಸಬಹುದು. ಕೇಂದ್ರದ ಹಣಕಾಸು ಸಚಿವರು ಅದರ ಅಧ್ಯಕ್ಷರು, ಎಲ್ಲ ರಾಜ್ಯಗಳ ಸಚಿವರು ಸದಸ್ಯರು. ಹೊರಗೆ ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳ ಪ್ರತಿನಿಧಿಗಳು ಅಲ್ಲಿ ಒಂದೇ ಮೇಜಿಗೆ ಕೂರುತ್ತಾರೆ. ಮತದ ತೂಕದಲ್ಲಿ ಮೂರನೇ ಒಂದು ಭಾಗ ಕೇಂದ್ರದ್ದು, ಉಳಿದದ್ದು ರಾಜ್ಯಗಳದ್ದು. ನಿರ್ಣಯವಾಗಲು ನಾಲ್ಕರಲ್ಲಿ ಮೂರು ಪಾಲು ಬೇಕು. ಹೀಗಿದ್ದರೂ ಮಂಡಳಿಯ ಮೊದಲ 37 ಸಭೆಗಳಲ್ಲಿ ಮತದಾನದ ಪ್ರಸಂಗವೇ ಬರಲಿಲ್ಲ. ಸಾವಿರಾರು ಸರಕುಗಳ ದರಗಳು ಒಮ್ಮತದಿಂದ ತೀರ್ಮಾನವಾದವು. ಮೊದಲ ಬಾರಿ ಮತಕ್ಕೆ ಹೋದದ್ದು 2019ರ ಡಿಸೆಂಬರ್ 18ರ 38ನೇ ಸಭೆಯಲ್ಲಿ, ಲಾಟರಿ ಮೇಲಿನ ತೆರಿಗೆಯ ವಿಷಯದಲ್ಲಿ.

ಅಲ್ಲಿ ಜಗಳವಿರಲಿಲ್ಲ ಎಂದಲ್ಲ. 2020ರಲ್ಲಿ ಕೊರೊನಾದಿಂದ ತೆರಿಗೆ ಕುಸಿದಾಗ ರಾಜ್ಯಗಳಿಗೆ ಕೊಡಬೇಕಾದ ಪರಿಹಾರದ ಬಗ್ಗೆ ತಿಂಗಳುಗಟ್ಟಲೆ ತಿಕ್ಕಾಟ ನಡೆಯಿತು. ಕೊನೆಗೆ ಕೇಂದ್ರವೇ ಸಾಲ ಎತ್ತಿ ರಾಜ್ಯಗಳಿಗೆ ಕೊಡುವ ದಾರಿ ಸಿಕ್ಕಿತು. ಆ ವರ್ಷ ಹೀಗೆ ಸಾಲವಾಗಿ ಬಂದದ್ದು 1.10 ಲಕ್ಷ ಕೋಟಿ ರೂಪಾಯಿ. 2025ರ ಸೆಪ್ಟೆಂಬರಿನಲ್ಲಿ ಹೆಚ್ಚಿನ ಸರಕುಗಳನ್ನು ಶೇ. 5 ಮತ್ತು ಶೇ. 18ರ ಎರಡು ದರಗಳಿಗೆ ತಂದ ನಿರ್ಧಾರವೂ ವರಮಾನ ಕಡಿಮೆಯಾಗುವ ರಾಜ್ಯಗಳ ಆತಂಕದ ನಡುವೆಯೇ ಆಯಿತು.

ಒಂದೇ ಪಕ್ಷದ ಜನ ಅಲ್ಲಿ ಹಾಗೆ, ಇಲ್ಲಿ ಹೀಗೆ ಏಕೆ ನಡೆದುಕೊಳ್ಳುತ್ತಾರೆ? ಅಲ್ಲಿ ಕ್ಯಾಮೆರಾ ಇಲ್ಲ. ಅಂಕಿಸಂಖ್ಯೆ ಇಲ್ಲದೆ ಬಂದವರ ಮಾತು ನಡೆಯುವುದಿಲ್ಲ. ಎದುರಿನವರ ಒಪ್ಪಿಗೆ ಇಲ್ಲದೆ ಕೆಲಸ ಆಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಸಭೆಯಲ್ಲಿ ಅವರೇ ಮತ್ತೆ ಎದುರು ಕೂರುತ್ತಾರೆ. ವ್ಯಾಪಾರಿಗೆ ಈ ಕೊನೆಯ ಮಾತು ಬಿಡಿಸಿ ಹೇಳಬೇಕಿಲ್ಲ. ಬಾಕಿ ವಸೂಲಿಗೆ ಹೋದಾಗ ನಾಲ್ಕು ಜನರ ಮುಂದೆ ಮಾನ ಕಳೆದರೆ ಬಾಕಿಯೂ ಬರುವುದಿಲ್ಲ, ಗಿರಾಕಿಯೂ ಉಳಿಯುವುದಿಲ್ಲ. ವಿಧಾನಸಭೆಗೆ ಕ್ಯಾಮೆರಾ ಬೇಡ ಎನ್ನಲಾಗದು, ಅದು ಜನರ ಮನೆ. ಆದರೆ ವಿಧೇಯಕಗಳನ್ನು ಅವಸರದಲ್ಲಿ ಧ್ವನಿಮತಕ್ಕೆ ಹಾಕುವ ಬದಲು ಎಲ್ಲ ಪಕ್ಷಗಳ ಸದಸ್ಯರಿರುವ ಸಮಿತಿಗಳಿಗೆ ಹೆಚ್ಚು ಕಳಿಸಿದರೆ ಇದೇ ಲಾಭ ಸಿಗುತ್ತದೆ.

ಸಭ್ಯತೆ ಎಂದರೆ ಬಾಯಿ ಮುಚ್ಚಿಸುವುದೇ?

ಈ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಅಧಿಕಾರದಲ್ಲಿ ಇರುವವರಿಗೆ ಸಭ್ಯತೆಯ ಉಪದೇಶ ಬಹಳ ಅನುಕೂಲ. ಹಸಿದವನಿಗೆ ಮೆಲ್ಲಗೆ ಮಾತಾಡು ಎಂದು ಉಂಡವನು ಹೇಳಿದಂತೆ. ವಿರೋಧ ಪಕ್ಷಕ್ಕೆ ಮಾತಾಡಲು ಸಮಯ ಕೊಡದೆ, ಪ್ರಶ್ನೆಗೆ ಉತ್ತರ ಕೊಡದೆ, ಆಮೇಲೆ ಶಿಸ್ತಿನ ಪಾಠ ಹೇಳಿದರೆ ಅದನ್ನು ಸಭ್ಯತೆ ಎನ್ನಲಾಗದು.

ಶಾಂತವೇರಿ ಗೋಪಾಲಗೌಡರು 1951ರ ಕಾಗೋಡು ರೈತ ಸತ್ಯಾಗ್ರಹದ ಬೆನ್ನಿಗೇ, 1952ರಲ್ಲಿ, ಮೈಸೂರು ವಿಧಾನಸಭೆಗೆ ಆಯ್ಕೆಯಾಗಿ ಬಂದವರು. ಗೇಣಿದಾರರ ನೋವನ್ನು ಅವರು ಮೆಲುದನಿಯಲ್ಲಿ ಹೇಳಲಿಲ್ಲ. ಅವರ ಮಾತು ಚುಚ್ಚುತ್ತಿತ್ತು. ಆದರೆ ಚುಚ್ಚುತ್ತಿದ್ದದ್ದು ವ್ಯವಸ್ಥೆಯನ್ನು. ಅವರು ತೀರಿಕೊಂಡ ಎರಡು ವರ್ಷಗಳಲ್ಲಿ, ದೇವರಾಜ ಅರಸರ ಕಾಲದಲ್ಲಿ, ಉಳುವವನೇ ಭೂಮಿಯ ಒಡೆಯ ಎಂಬ ತತ್ತ್ವದ ಭೂಸುಧಾರಣೆ ಜಾರಿಗೆ ಬಂತು. ಶಿವಮೊಗ್ಗದಿಂದಲೇ ಲೋಕಸಭೆಗೆ ಹೋದ ಜೆ.ಎಚ್. ಪಟೇಲರು 1967ರಲ್ಲಿ ಅಲ್ಲಿ ಕನ್ನಡದಲ್ಲಿ ಮಾತಾಡಿ ಭಾಷೆಯ ಹಕ್ಕನ್ನು ಸ್ಥಾಪಿಸಿದರು. ಅದೂ ಪ್ರತಿಭಟನೆಯೇ, ಆದರೆ ಅದಕ್ಕಾಗಿ ಕಾಗದ ಹರಿಯಬೇಕಾಗಲಿಲ್ಲ.

ಆದ್ದರಿಂದ ಗೆರೆ ಎಳೆಯಬೇಕಾದದ್ದು ಮೃದು ಮಾತು ಮತ್ತು ಕಟು ಮಾತಿನ ನಡುವೆ ಅಲ್ಲ. ಕೆಲಸವನ್ನು ಟೀಕಿಸುವುದಕ್ಕೂ ಹುಟ್ಟನ್ನು, ಮನೆಯವರನ್ನು, ಹೆಣ್ಣಿನ ಮಾನವನ್ನು, ದೇಹದ ಕುಂದನ್ನು ಎತ್ತಿ ಆಡುವುದಕ್ಕೂ ಇರುವ ವ್ಯತ್ಯಾಸವೇ ಆ ಗೆರೆ. ಚುನಾವಣಾ ಮಾದರಿ ನೀತಿ ಸಂಹಿತೆಯೂ ಇದನ್ನೇ ಹೇಳುತ್ತದೆ. ನೀತಿ, ಕಾರ್ಯಕ್ರಮ, ಹಿಂದಿನ ಸಾಧನೆ ಇವುಗಳನ್ನು ಟೀಕಿಸಬಹುದು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಬದುಕನ್ನು ಎಳೆಯಬಾರದು. 1994ರಲ್ಲಿ ಜಿನೀವಾದಲ್ಲಿ ಕಾಶ್ಮೀರದ ವಿಷಯ ಬಂದಾಗ ಪ್ರಧಾನಿ ನರಸಿಂಹರಾವ್ ಅವರು ಭಾರತದ ನಿಯೋಗದ ನೇತೃತ್ವವನ್ನು ವಿರೋಧ ಪಕ್ಷದ ನಾಯಕ ವಾಜಪೇಯಿ ಅವರಿಗೆ ವಹಿಸಿದರು. ಸಂಸತ್ತಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟುಕೊಟ್ಟವರಲ್ಲ. ಬಾಯಿ ಕೆಟ್ಟಿದ್ದರೆ ಅಂಥ ಹೊತ್ತಿನಲ್ಲಿ ಕರೆಯುವ ದಾರಿ ಉಳಿಯುತ್ತಿರಲಿಲ್ಲ.

ಶ್ರವಣಬೆಳಗೊಳದ ಕಲ್ಲು ಹೇಳುವುದು

ಈ ನೆಲದಲ್ಲಿ ಇದಕ್ಕೆ ಇನ್ನೂ ಹಳೆಯ ಉದಾಹರಣೆಯಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಾದ್ಯ, ಕಲಶಗಳ ಹಕ್ಕಿನ ವಿಷಯದಲ್ಲಿ ಜಗಳ ಬಂತು. ಆನೆಗೊಂದಿ, ಪೆನುಗೊಂಡೆ ಮುಂತಾದ ಊರುಗಳ ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರು ಕೊಟ್ಟರು. ಅರಸ ಎರಡೂ ಕಡೆಯವರನ್ನು, ಅವರ ಮುಖಂಡರನ್ನು ಕರೆಸಿದ. ಎರಡು ದರ್ಶನಗಳಲ್ಲಿ ಭೇದವೆಣಿಸಬಾರದು ಎಂದು ತೀರ್ಮಾನ ಹೇಳಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿದ. ಬೆಳಗೊಳದ ದೇವರ ರಕ್ಷಣೆಗೆ 20 ಜನ ಕಾವಲುಗಾರರನ್ನು ಇಡುವ ಹೊಣೆ ವೈಷ್ಣವ ಮುಖಂಡರಿಗೇ ಬಂತು. ಅದಕ್ಕೆ ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳ ದುರಸ್ತಿಯಾಗಬೇಕು ಎಂದು ನಿಶ್ಚಯವಾಯಿತು. ಈ ಒಪ್ಪಂದದ ಶಾಸನ ಇಂದಿಗೂ ಶ್ರವಣಬೆಳಗೊಳದಲ್ಲಿದೆ.

ತೀರ್ಪಿನ ಜಾಣತನ ನೋಡಬೇಕು. ಒಂದು ಕಡೆಯವರನ್ನು ಗೆಲ್ಲಿಸಿ ಇನ್ನೊಂದು ಕಡೆಯವರನ್ನು ಅವಮಾನ ಮಾಡಲಿಲ್ಲ. ಜಗಳವಾಡಿದವರಿಗೇ ರಕ್ಷಣೆಯ ಹೊಣೆ ಕೊಟ್ಟು ಗೌರವ ಉಳಿಸಿತು. ದೂರು ಕೊಟ್ಟವರಿಗೆ ಮಾತಿನ ಸಮಾಧಾನವಷ್ಟೇ ಅಲ್ಲ, ಎಣಿಸಿ ನೋಡಬಹುದಾದ 20 ಕಾವಲುಗಾರರು ಸಿಕ್ಕರು. 2023ರಲ್ಲಿ ಜೈನ ಸಮಾಜ ಕೇಳಿದ್ದೂ ರಕ್ಷಣೆಯನ್ನೇ. ಎಷ್ಟು ಜನ, ಎಲ್ಲಿ, ಯಾರ ಖರ್ಚಿನಲ್ಲಿ, ಯಾವ ಇಲಾಖೆಯ ಹೊಣೆ ಎಂಬ ಮಾತಿಗೆ ಸದನ ಹೆಚ್ಚು ಸಮಯ ಕೊಡಬೇಕಿತ್ತು.

ದೋಷಗಳ ಹಳೆಯ ಪಟ್ಟಿ, ಹೊಸ ರೂಪ

ಗೃಹಸ್ಥರ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಹೇಳುತ್ತದೆ. ಪಾಠಶಾಲೆಯಲ್ಲಿ ಮಕ್ಕಳು ಬಾಯಿಪಾಠ ಮಾಡುವ ಈ ಪಟ್ಟಿಯನ್ನು ಇಂದಿನ ರಾಜಕೀಯದ ಪಕ್ಕಕ್ಕಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಜನರನ್ನು ತಪ್ಪು ದಾರಿಗೆ ಹಚ್ಚುವ ಮಾತು ಮಿಥ್ಯೋಪದೇಶ. ಏಕಾಂತದ ಸಂಗತಿಯನ್ನು ಬಯಲಿಗೆಳೆಯುವುದು ರಹೋಭ್ಯಾಖ್ಯಾನ, ಇಂದಿನ ಖಾಸಗಿ ವಿಡಿಯೋಗಳ ಹಂಚಿಕೆ ಅದೇ. ಸುಳ್ಳು ಪತ್ರ ಸೃಷ್ಟಿಸುವುದು ಕೂಟಲೇಖಕ್ರಿಯೆ, ಕತ್ತರಿಸಿ ಜೋಡಿಸಿದ ದೃಶ್ಯ ಮತ್ತು ಆಡದ ಮಾತನ್ನು ಆಡಿದಂತೆ ತೋರಿಸುವುದು ಅದರ ಹೊಸ ರೂಪ. ಮುಖಭಾವ, ಸನ್ನೆ ನೋಡಿ ಇನ್ನೊಬ್ಬರ ಮನಸ್ಸಿನಲ್ಲಿರುವುದನ್ನು ಹೊಟ್ಟೆಕಿಚ್ಚಿನಿಂದ ಬಹಿರಂಗ ಮಾಡುವುದು ಸಾಕಾರಮಂತ್ರಭೇದ. ನ್ಯಾಸಾಪಹಾರ ಎಂದರೆ, ಇಟ್ಟ ಠೇವಣಿ ಎಷ್ಟೆಂದು ಮರೆತವನು ಕಡಿಮೆ ಕೇಳಿದಾಗ ಅಷ್ಟನ್ನೇ ಕೊಟ್ಟು ಸುಮ್ಮನಾಗುವುದು. ಮತದಾರ ತನಗೆ ಕೊಟ್ಟ ಭರವಸೆಗಳಲ್ಲಿ ಅರ್ಧ ಮರೆತಿರುತ್ತಾನೆ. ಗದ್ದಲ ಎಬ್ಬಿಸಿ ಉಳಿದರ್ಧವನ್ನೂ ಮರೆಸುವವರಿಗೆ ಈ ಹೆಸರು ಒಪ್ಪುತ್ತದೆ.

ಅನೇಕಾಂತ ಎಂದರೆ ಎಲ್ಲರೂ ಸರಿ ಎಂದಲ್ಲ. ಎದುರಿನವರು ಯಾವ ಕಡೆ ನಿಂತು ನೋಡಿ ಹಾಗೆ ಹೇಳುತ್ತಿದ್ದಾರೆ ಎಂದು ತಿಳಿಯುವ ಶ್ರಮ ತೆಗೆದುಕೊಂಡ ಮೇಲೆಯೇ ಉತ್ತರ ಕೊಡುವುದು. ಆ ಶ್ರಮ ತೆಗೆದುಕೊಂಡವರ ಉತ್ತರಕ್ಕೆ ತೂಕವೂ ಹೆಚ್ಚು.

ಸಮಾಜ ಮಾಡಬಹುದಾದದ್ದು

ಜೈನ ಸಮಾಜ ಸಂಖ್ಯೆಯಲ್ಲಿ ಸಣ್ಣದು. ಎಲ್ಲ ಪಕ್ಷಗಳಲ್ಲೂ ಸಮಾಜದವರಿದ್ದಾರೆ, ಇರಬೇಕು. ಸಣ್ಣ ಸಮಾಜಕ್ಕೆ ಗದ್ದಲದಿಂದ ಎಂದೂ ಲಾಭವಿಲ್ಲ, ಏಕೆಂದರೆ ಗದ್ದಲದಲ್ಲಿ ದೊಡ್ಡ ದನಿಯೇ ಗೆಲ್ಲುತ್ತದೆ. ಹೀಗಾಗಿ ಸಭ್ಯ ಚರ್ಚೆಯನ್ನು ಉಳಿಸುವುದು ಸಮಾಜದ ಆದರ್ಶ ಮಾತ್ರವಲ್ಲ, ಅಗತ್ಯ ಕೂಡ.

ಆರಂಭ ಮನೆಯಿಂದ ಆಗಬಹುದು. ಚುನಾವಣೆ ಬಂತೆಂದರೆ ಬಸದಿ ಕಮಿಟಿಯ, ಯುವಕ ಮಂಡಳದ, ಮಹಿಳಾ ಸಂಘದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಣ್ಣ ತಮ್ಮಂದಿರೇ ಮಾತು ಬಿಡುವಂತಾಗುತ್ತದೆ. ಮೂಲ ಗೊತ್ತಿಲ್ಲದ ತುಣುಕನ್ನು ಮುಂದಕ್ಕೆ ಕಳಿಸದಿರುವುದು, ಹಿರಿಯರು ಕಳಿಸಿದ್ದು ಸುಳ್ಳು ಎಂದು ಗೊತ್ತಾದರೆ ಗುಂಪಿನಲ್ಲಿ ನಗೆಗೀಡು ಮಾಡದೆ ಫೋನಿನಲ್ಲಿ ತಿಳಿಸುವುದು, ತಪ್ಪು ಕಳಿಸಿದವರು ಅದೇ ಗುಂಪಿನಲ್ಲಿ ಒಪ್ಪಿಕೊಳ್ಳುವುದು, ಇವು ಕಷ್ಟದ ನಿಯಮಗಳಲ್ಲ. ಸಮಾಜದ ಸಂಸ್ಥೆಗಳ ಚುನಾವಣೆಯಲ್ಲೂ ಕರಪತ್ರದ ಭಾಷೆ ಹದ್ದು ಮೀರುವುದುಂಟು. ಅದನ್ನು ಸಹಿಸಿಕೊಂಡು ವಿಧಾನಸೌಧಕ್ಕೆ ಬುದ್ಧಿ ಹೇಳಿದರೆ ಕೇಳುವವರಿಲ್ಲ.

ಎರಡನೆಯದು ವೇದಿಕೆ. ಮಹಾವೀರ ಜಯಂತಿಗೆ, ಪಂಚಕಲ್ಯಾಣಕ್ಕೆ, ಚಾತುರ್ಮಾಸದ ಸಮಾರಂಭಗಳಿಗೆ ಎಲ್ಲ ಪಕ್ಷಗಳ ಜನಪ್ರತಿನಿಧಿಗಳು ಬರುತ್ತಾರೆ, ಅಹಿಂಸೆಯ ಬಗ್ಗೆ ಚೆನ್ನಾಗಿ ಮಾತಾಡುತ್ತಾರೆ. ಅವರಿಗೆ ಶಾಲು, ಹಾರದ ಜೊತೆ ಒಂದು ಕಾಗದವನ್ನೂ ಕೊಡಬಹುದು. ವಿಹಾರದ ಮುನಿಗಳಿಗೆ ತಂಗಲು ಯಾವ ಸರ್ಕಾರಿ ಕಟ್ಟಡ ಸಿಗುತ್ತದೆ, ಠಾಣೆಗೆ ಮುಂಚಿತವಾಗಿ ಯಾರು ತಿಳಿಸಬೇಕು, ಹೆದ್ದಾರಿಯಲ್ಲಿ ಬೆಳಗಿನ ಜಾವ ನಡೆಯುವ ಸಂಘಕ್ಕೆ ಏನು ವ್ಯವಸ್ಥೆ ಎಂಬ ಮೂರು ಪ್ರಶ್ನೆಗಳು ಸಾಕು. ಮುಂದಿನ ಅಧಿವೇಶನದಲ್ಲಿ ಅದನ್ನು ಕೇಳಿದರೋ ಇಲ್ಲವೋ ಎಂದು ಮರುವರ್ಷದ ಸಮಾರಂಭದಲ್ಲಿ ವಿನಯದಿಂದಲೇ ವಿಚಾರಿಸಬಹುದು. ಚೆನ್ನಾಗಿ ಓದಿಕೊಂಡು ಬಂದು ಸದನದಲ್ಲಿ ಪ್ರಶ್ನೆ ಕೇಳಿದ ಶಾಸಕರು ಯಾವ ಪಕ್ಷದವರಾದರೂ ಸರಿ, ಅವರಿಗೆ ಒಂದು ಮೆಚ್ಚುಗೆಯ ಪತ್ರ ಹೋಗಬೇಕು. ಬೈದವರಿಗೆ ಸಿಗುವ ಚಪ್ಪಾಳೆಯ ಎದುರು ದುಡಿದವರಿಗೂ ಏನಾದರೂ ಸಿಗಬೇಕಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಮನೆಯ ಗಾದೆ. ರಾಜಕೀಯಕ್ಕೆ ಅದು ಪೂರ್ತಿ ಅನ್ವಯಿಸದು, ಅಲ್ಲಿ ಜಗಳ ಇರಲೇಬೇಕು. ಆದರೆ ಜಗಳ ಮುಗಿದ ಮೇಲೆ ನೊಂದವರ ಕೈಗೆ ಏನು ಬಂತು ಎಂಬ ಲೆಕ್ಕವೂ ಇರಬೇಕು. 2023ರ ಜುಲೈಯಲ್ಲಿ ಮೌನವಾಗಿ ನಡೆದ ಸಾವಿರಾರು ಜನ ಕೇಳಿದ್ದು ಆ ಲೆಕ್ಕವನ್ನೇ.